ರಸಮಟ್ಟದ ಜಾಗ

ನಮ್ಮ ಮನೆಯ ಹಿಂದಿನ ಶೆಡ್ಡಿನ ಗೋಡೆಗೆ ಒಂದು ದೊಡ್ಡ ಪ್ಲೈವುಡ್ ಹಲಗೆ ಹೊಡೆದಿದ್ದೇನೆ. ಅದರ ಮೇಲೆ ನನ್ನ ಒಂದೊಂದು ಸಾಮಾನನ್ನೂ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಗೆರೆಯ ಒಳಗೆ ಕಪ್ಪು ಪೇಂಟ್ ಬಳಿದಿದ್ದೇನೆ. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಆಕಾರ, ಗರಗಸದ ಜಾಗದಲ್ಲಿ ಗರಗಸದ ಆಕಾರ. ಸಾಮಾನು ಮೊಳೆಯಲ್ಲಿದ್ದರೆ ಕಪ್ಪು ಕಾಣುವುದಿಲ್ಲ. ಕಪ್ಪು ಕಂಡರೆ ಸಾಮಾನು ಹೊರಗಿದೆ ಎಂದು ಅರ್ಥ. ಇದು ನಾನು ಕಂಡುಹಿಡಿದ ವಿದ್ಯೆಯಲ್ಲ. ಇಲ್ಲೇ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಅಲ್ಲಿ ಸಾಮಾನು ಕೊಂಡುಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಖಾಲಿ ಮೊಳೆಗೆ ನೇತುಹಾಕಿ ಹೋಗಬೇಕು. ಸಂಜೆ ಬಾಗಿಲು ಹಾಕುವ ಮೊದಲು ನಾನು ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕಿತ್ತು.

ನಿವೃತ್ತನಾದ ಮೇಲೆ ಮನೆಯಲ್ಲೂ ಬಿಲ್ಲೆ ಮಾಡಿಸಿದೆ. ನನ್ನ ಹೆಂಡತಿ ಅದನ್ನು ನೋಡಿ, "ತೆಂಗಿನಕಾಯಿ ಒಡೆಯಲಿಕ್ಕೆ ಕತ್ತಿ ಬೇಕಾದ್ರೂ ಬಿಲ್ಲೆ ಹಾಕ್ಬೇಕಾ? ನೀವು ಯಾರಿಗೆ ಸಂಬಳ ಕೊಡ್ತೀರಿ ಇಲ್ಲಿ?" ಎಂದು ನಕ್ಕಳು. ನಗಲಿ. ನಮ್ಮ ಊರು ಬಂದ್ಯೋಡಿನ ಸುತ್ತಮುತ್ತ ಮರದ ಪುಡಿ ಇಲ್ಲದ ಮರಗೆಲಸದ ಶೆಡ್ಡು ಇದ್ದರೆ ಅದು ನನ್ನದು ಮಾತ್ರ. ಕೆಲಸ ಮುಗಿದರೆ ಗುಡಿಸಬೇಕು, ಉಳಿಯ ಬಾಯಿಗೆ ಎಣ್ಣೆ ಒರೆಸಬೇಕು, ಎಲ್ಲವನ್ನೂ ಜಾಗಕ್ಕೆ ಇಡಬೇಕು. ಇಡದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಈ ಶೆಡ್ಡಿಗೆ ದಿನಾ ಮಧ್ಯಾಹ್ನ ಮೂರೂವರೆಗೆ ಬರುತ್ತಿದ್ದವರು ಒಬ್ಬರೇ. ಹೈವೇಯ ಆಚೆ ಬದಿಯ ಗಾರೆ ಮೇಸ್ತ್ರಿ. ನನ್ನಿಂದ ನಾಲ್ಕು ವರ್ಷ ಹಿರಿಯರು. ಈ ಮನೆ ಕಟ್ಟಿದವರೂ ಅವರೇ. ಮಂಡಿ ನೋವು ಬಂದು ಕೆಲಸ ಬಿಟ್ಟ ಮೇಲೆ ಅವರಿಗೂ ಹೊತ್ತು ಹೋಗುತ್ತಿರಲಿಲ್ಲ. ಮೊದಲು ರಸ್ತೆ ದಾಟಿದರೆ ನಮ್ಮ ಗೇಟು. ಹೈವೇ ಅಗಲ ಮಾಡಿ ನಡುವೆ ಗೋಡೆ ಕಟ್ಟಿದ ಮೇಲೆ ಕೆಳಗಿನ ಅಂಡರ್‌ಪಾಸಿಗೆ ಹೋಗಿ ಸುತ್ತಿ ಬರಬೇಕು. ಆ ಮಂಡಿಯಲ್ಲಿ ಅವರು ಸುತ್ತಿ ಬರುತ್ತಿದ್ದರು. ಬಂದು ಸ್ಟೂಲಿನಲ್ಲಿ ಕೂತು, "ಸ್ಟೋರಿನವರೇ, ಚಪ್ಪಲಿ ತೆಗೆದು ಬರಬೇಕಾ? ಇದು ಶೆಡ್ಡಾ ದೇವರ ಕೋಣೆಯಾ ಮಾರಾಯ್ರೆ?" ಎಂದು ದಿನಾ ಕೇಳುತ್ತಿದ್ದರು. ನಾನು ದಿನಾ ಮುಖ ಗಂಟಿಕ್ಕುತ್ತಿದ್ದೆ. ಅವರು ಬರುವುದು ಐದು ನಿಮಿಷ ತಡವಾದರೆ ಗೇಟಿನ ಕಡೆ ನೋಡುತ್ತಿದ್ದವನೂ ನಾನೇ.

ಕೆಲಸ ಬಿಟ್ಟ ವರ್ಷ ಅವರು ತಮ್ಮ ರಸಮಟ್ಟವನ್ನು ನನಗೆ ಕೊಟ್ಟರು. ಹಳೆಯ ಕಾಲದ್ದು, ಸಾಗುವಾನಿಯದು, ಮೇಲೆ ಹಿತ್ತಾಳೆಯ ತಗಡು, ನಡುವೆ ನೀರಗುಳ್ಳೆ ಓಡಾಡುವ ಗಾಜಿನ ಕೊಳವೆ. ನೀರಗುಳ್ಳೆ ನಡುವಿಗೆ ಬಂದು ನಿಂತರೆ ಇಟ್ಟದ್ದು ಸಮ ಎಂದು ಲೆಕ್ಕ. ಮೂವತ್ತು ನಲವತ್ತು ಮನೆಗಳ ಗೋಡೆ ಅದರಲ್ಲಿ ಎದ್ದಿದೆ. "ನನ್ನ ಮನೆಯಲ್ಲಿದ್ರೆ ಒಲೆಗೆ ಹೋಗ್ತದೆ. ನಿಮ್ಮಲ್ಲಿ ಆದರೆ ಮೊಳೆಯಲ್ಲಿ ಇರ್ತದೆ," ಎಂದರು. ನಾನು ಅದೇ ದಿನ ಹಲಗೆಯ ಮೇಲೆ ಅದರ ಆಕಾರಕ್ಕೆ ಕಪ್ಪು ಬಳಿದೆ.

ಮರುವರ್ಷ ಅಡಿಗೆಮನೆಗೆ ಒಂದು ಕಪಾಟು ಮಾಡಿದೆ, ಗೋಡೆಯ ಮೇಲ್ಭಾಗದಲ್ಲಿ ಕೂರುವಂಥದ್ದು. ಮೇಸ್ತ್ರಿ ಕೆಳಗಿನಿಂದ ಎರಡೂ ಕೈಯಲ್ಲಿ ಆನಿಸಿ ಹಿಡಿದರು, ನಾನು ಏಣಿಯಲ್ಲಿ ನಿಂತು ಮಟ್ಟ ನೋಡಿ ಸ್ಕ್ರೂ ಹಾಕಿದೆ. ನಡುವೆ ಚಹಾ ಆಯಿತು. ಆಮೇಲೆ ಕಪಾಟಿಗೂ ತಾರಸಿಗೂ ನಡುವಿನ ಸಂದಿಯಲ್ಲಿ ಧೂಳು ಕೂರದ ಹಾಗೆ ಮುಂದೆ ಒಂದು ಹಲಗೆಪಟ್ಟಿ ಕೂರಿಸಿದೆವು. ಗುಡಿಸಿದೆ. ಸಾಮಾನು ಶೆಡ್ಡಿಗೆ ತಂದು ತೂಗುಹಾಕಿದೆ. ಸಂಜೆ ಬಾಗಿಲು ಹಾಕುವಾಗ ನೋಡಿದರೆ ರಸಮಟ್ಟದ ಜಾಗ ಕಪ್ಪಗೆ ಕಾಣುತ್ತಿತ್ತು. ಬಿಲ್ಲೆಯೂ ಇರಲಿಲ್ಲ.

ನಾಲ್ಕು ದಿನ ಹುಡುಕಿದೆವು. ಬೆಂಚಿನ ಅಡಿ, ಮರದ ರಾಶಿ, ಬಾವಿಕಟ್ಟೆ, ಸೌದೆ ಕೊಟ್ಟಿಗೆ. ಮೇಸ್ತ್ರಿ ಆ ಮಂಡಿಯನ್ನು ಮಡಚಿ ನೆಲಕ್ಕೆ ಕೂತು ಬೆಂಚಿನ ಕೆಳಗೆ ಟಾರ್ಚು ಬಿಟ್ಟರು. ಮೂರನೆಯ ದಿನ, "ಆ ಕಪಾಟಿನ ಮೇಲೆ ಒಮ್ಮೆ ನೋಡುವನಾ? ಪಟ್ಟಿ ತೆಗಿಲಿಕ್ಕೆ ಎರಡು ಸ್ಕ್ರೂ ಅಲ್ವಾ?" ಎಂದರು.

"ಇಪ್ಪತ್ತಾರು ವರ್ಷ ಸ್ಟೋರು ನೋಡಿಕೊಂಡವ ನಾನು. ಸಾಮಾನು ಬಿಟ್ಟು ಬರುವವ ಅಲ್ಲ," ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ನನಗೆ ಆಗಲೇ ಬೇರೆ ಯೋಚನೆ ಹೊಕ್ಕಿತ್ತು. ಕೊಟ್ಟವರಿಗೆ ಕೊಟ್ಟ ಮೇಲೆ ಬೇಸರವಾಗಿರಬಹುದು. ಕೈಗೆ ಪಳಗಿದ ವಸ್ತು ಅಲ್ಲವೇ. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಸುಮ್ಮನೆ ಕೊಂಡುಹೋಗಿರಬಹುದು. ಶೆಡ್ಡಿಗೆ ಬರುವವರು ಬೇರೆ ಯಾರಿದ್ದಾರೆ? ಈ ಲೆಕ್ಕ ನನಗೆ ಎಷ್ಟು ಸರಿಯಾಗಿ ಕಂಡಿತೆಂದರೆ, ಅವರು ನೆಲದಲ್ಲಿ ಕೂತು ಹುಡುಕುತ್ತಿದ್ದದ್ದೂ ನಾಟಕದ ಹಾಗೆ ಕಂಡಿತು.

ನಮ್ಮ ಕಡೆ ವಸ್ತು ಕಾಣೆಯಾದರೆ ಕೊರಗಜ್ಜ ದೈವಕ್ಕೆ ಹೇಳಿಕೊಳ್ಳುತ್ತಾರೆ. ಸಿಕ್ಕಿದರೆ ಅಜ್ಜನ ಕಟ್ಟೆಗೆ ಚಕ್ಕುಲಿ, ವೀಳ್ಯದೆಲೆ, ಅಡಿಕೆ ಕೊಂಡುಹೋಗಿ ಇಡುವುದು. ಬಸ್ಸಿನಲ್ಲಿ ಪರ್ಸು ಬಿಟ್ಟವರೂ ಹೇಳುತ್ತಾರೆ, ದನ ತಪ್ಪಿಸಿಕೊಂಡವರೂ ಹೇಳುತ್ತಾರೆ. ಆದರೆ ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಒಬ್ಬರ ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಅದು ಹರಕೆಯಲ್ಲ, ನೀನೇ ಕಳ್ಳ ಎಂದು ಹೇಳಿದ ಹಾಗೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ನಾಲ್ಕನೆಯ ದಿನ ಪಕ್ಕದ ಮನೆಯ ಗಂಡ ಹೆಂಡತಿ ಏಣಿ ಕೇಳಲು ಬಂದಿದ್ದರು. ಮೇಸ್ತ್ರಿ ಸ್ಟೂಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಹಲಗೆಯ ಕಡೆ ಮುಖ ಮಾಡಿ ಕೈಮುಗಿದು ಹೇಳಿದೆ: "ಅಜ್ಜಾ, ಸಾಮಾನು ಸಿಗಲಿ, ಚಕ್ಕುಲಿ ಇಡ್ತೇನೆ. ತೆಗೆದವರನ್ನು ನೀನೇ ನೋಡ್ಕೋ."

ಏಣಿ ಹಿಡಿದವರು ಏಣಿ ಹಿಡಿದಲ್ಲೇ ನಿಂತರು. ಮೇಸ್ತ್ರಿ ಲೋಟದಲ್ಲಿ ಉಳಿದ ಚಹಾವನ್ನು ಪೂರ್ತಿ ಕುಡಿದರು. ಲೋಟವನ್ನು ಬೆಂಚಿನ ಮೇಲೆ ಇಡದೆ ನನ್ನ ಹೆಂಡತಿಯ ಕೈಗೇ ಕೊಟ್ಟು ಬಂದರು. ಆಮೇಲೆ ಗೋಡೆ ಹಿಡಿದುಕೊಂಡು, "ಆಯ್ತು ಸ್ಟೋರಿನವರೇ. ನಾನೂ ಹೇಳ್ತೇನೆ ಅಜ್ಜನಿಗೆ, ಬೇಗ ಸಿಗಲಿ ಅಂತ," ಎಂದರು. ಅವರು ಮತ್ತೆ ಬರಲಿಲ್ಲ.

"ಹೋಗಿ ಮಾತಾಡಿ ಬನ್ನಿ," ಎಂದು ಹೆಂಡತಿ ಕೆಲವು ದಿನ ಹೇಳಿದಳು. ಅಂಡರ್‌ಪಾಸಿಗೆ ಸುತ್ತಿ ಹೋಗಬೇಕು, ಬಿಸಿಲು, ಎಂದೆ. ಮಳೆಗಾಲ ಬಂದಾಗ ಮಳೆ ಎಂದೆ. ಅವಳು ಹೇಳುವುದನ್ನು ಬಿಟ್ಟಳು. ಗುಡಿಸುವಾಗ ಅಡ್ಡವಾಗುತ್ತದೆಂದು ಸ್ಟೂಲನ್ನು ಒಳಗೆ ಹಾಕಿದೆ. ಎರಡು ವರ್ಷ ಹೀಗೆ ಕಳೆಯಿತು. ಹೋದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಮೇಸ್ತ್ರಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿದೆ. ಕೇಳಿ ಸುಮ್ಮನಿದ್ದೆ. ಮಳೆ ಸ್ವಲ್ಪ ಬಿಡುವ ಹೊತ್ತಿಗೆ ತೀರಿಹೋದರು ಎಂದು ಸುದ್ದಿ ಬಂತು.

ಹೋದೆ. ಅಂಗಳದ ಕೊನೆಯಲ್ಲಿ, ಕೊಡೆ ಹಿಡಿದ ಗಂಡಸರ ಹಿಂದೆ ನಿಂತೆ. ಅಳು ಬರಲಿಲ್ಲ. ಹಾಗೆಂದರೆ ಗಟ್ಟಿ ಮನಸ್ಸಿನವನೆಂದು ಯಾರಾದರೂ ತಿಳಿಯಬಹುದು, ಅದೂ ಅಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಒಸಡಿನ ಹಾಗೆ ಇತ್ತು, ಮುಟ್ಟಿದರೂ ನನ್ನದಲ್ಲದ ಹಾಗೆ. ಮನೆಗೆ ಬಂದು ಸ್ನಾನ ಮಾಡಿ, ಊಟ ಮಾಡಿ, ಉಳಿಗಳನ್ನೆಲ್ಲ ಇಳಿಸಿ ಎಣ್ಣೆ ಒರೆಸಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ.

ಈ ಬೇಸಿಗೆಯಲ್ಲಿ ಅಡಿಗೆಮನೆಯ ಕಪಾಟಿಗೆ ಗೆದ್ದಲು ಹತ್ತಿತು. ಇಳಿಸಲೇಬೇಕಾಯಿತು. ಏಣಿ ಹತ್ತಿ ಮುಂದಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿದೆ. ಸರಿಯಾಗಿ ಎರಡೇ ಸ್ಕ್ರೂ. ಪಟ್ಟಿ ಕೈಗೆ ಬಂತು. ಅದರ ಹಿಂದೆ, ಕಪಾಟಿನ ನೆತ್ತಿಯ ಮೇಲೆ, ಹಲ್ಲಿಯ ಮೊಟ್ಟೆಯ ಸಿಪ್ಪೆಗಳ ನಡುವೆ ರಸಮಟ್ಟ ಮಲಗಿತ್ತು. ನಾನು ಯಾವ ದಿಕ್ಕಿಗೆ ಇಟ್ಟಿದ್ದೆನೋ ಅದೇ ದಿಕ್ಕಿಗೆ. ಇಟ್ಟದ್ದು ಆ ಕ್ಷಣಕ್ಕೆ ನೆನಪಾಯಿತು. ನೀರಗುಳ್ಳೆ ನಡುವಿಗೆ ಬಂದದ್ದು, "ಬಂತು" ಎಂದು ನಾನು ಕೂಗಿದ್ದು, ಕೆಳಗೆ ಮೇಸ್ತ್ರಿ ಎರಡೂ ಕೈ ಮೇಲೆತ್ತಿ ಕಪಾಟು ಹೊತ್ತು ನಿಂತಿದ್ದದ್ದು. ಅವರ ಕೈ ಅಲ್ಲಿಗೆ ಎಟುಕುವಂತೆಯೇ ಇರಲಿಲ್ಲ.

ಕೆಳಗಿನಿಂದ ಹೆಂಡತಿ, "ಎಂತ ಉಂಟು ಮೇಲೆ?" ಎಂದಳು. ನಾನು ಅದನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಧೂಳು ಒರೆಸಿದಳು, ನನ್ನ ಮುಖ ನೋಡಲಿಲ್ಲ, ಅಡಿಗೆಮನೆಯಿಂದ ಹೊರಗೆ ಹೋದಳು. ನಾನು ಉಳಿದ ಸ್ಕ್ರೂಗಳನ್ನೂ ಬಿಚ್ಚಿದೆ. ಕಪಾಟು ಇಳಿಸಿ, ಗೆದ್ದಲಿನ ಮಣ್ಣು ಗುಡಿಸಿ, ಗೋಡೆಗೆ ಮದ್ದು ಹೊಡೆದೆ. ಅರ್ಧ ಮಾಡಿದ ಕೆಲಸ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ.

ಮರುದಿನ ಬಂದ್ಯೋಡಿನ ಬೇಕರಿಯಿಂದ ಚಕ್ಕುಲಿ ತೆಗೆದುಕೊಂಡೆ. ಕಟ್ಟೆಯಲ್ಲಿ ಚಕ್ಕುಲಿ, ವೀಳ್ಯ ಇಟ್ಟು ಕೈಮುಗಿದೆ. ಸಿಕ್ಕಿತು ಎಂದಷ್ಟೇ ಹೇಳಿದೆ. ಅಲ್ಲಿಂದ ಅಂಡರ್‌ಪಾಸ್ ದಾಟಿ ಮೇಸ್ತ್ರಿಯ ಮನೆಗೆ ಹೋದೆ. ನಡೆದು ನೋಡಿದರೆ ಅಷ್ಟೇನೂ ದೂರವಿಲ್ಲ, ಹತ್ತು ನಿಮಿಷ.

ಮೇಸ್ತ್ರಿಯ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. ಜಗಲಿಯಲ್ಲಿದ್ದ ಕುರ್ಚಿಯನ್ನು ಒರೆಸಿ ಕೂರಿಸಿದರು. ಪೇಪರಿನಲ್ಲಿ ಸುತ್ತಿದ್ದ ರಸಮಟ್ಟವನ್ನು ಬಿಚ್ಚಿ ಕೊಟ್ಟೆ. "ನಮ್ಮ ಅಡಿಗೆಮನೆಯಲ್ಲೇ ಇತ್ತು ಅಕ್ಕ. ಕಪಾಟಿನ ಮೇಲೆ. ಇದು ಇಲ್ಲಿ ಇರಲಿ," ಎಂದೆ.

ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹಿತ್ತಾಳೆಯ ತಗಡನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಅಣ್ಣ, ಇವರು ಪ್ರತಿ ತಿಂಗಳು ಸಂಕ್ರಾಂತಿಗೆ ಅಜ್ಜನ ಕಟ್ಟೆಗೆ ಹೋಗ್ತಿದ್ರು, ಇದು ನಿಮಗೆ ಸಿಗಲಿ ಅಂತ," ಎಂದರು. "ನಡಿಲಿಕ್ಕೆ ಆಗದ ಮೇಲೆ ನನ್ನ ಕೈಯಲ್ಲಿ ಕಳಿಸ್ತಿದ್ರು. ಬಂದವರ ಹತ್ರ ಎಲ್ಲ ಕೇಳುದು, ಸ್ಟೋರಿನವರ ಸಾಮಾನು ಸಿಕ್ಕಿತಂತಾ? ಅಂತ. ಕೊನೆಗೆ ಹಾಸಿಗೆಯಲ್ಲಿ ಇರುವಾಗ ನೋಡ್ಲಿಕ್ಕೆ ಆಗದೆ ನಾನೇ ಹೇಳಿದೆ, ಸಿಕ್ಕಿತಂತೆ, ಅವರ ಮನೆಯಲ್ಲೇ ಇತ್ತಂತೆ ಅಂತ. ಸುಳ್ಳು."

ನಾನು ರಸಮಟ್ಟ ಸುತ್ತಿದ್ದ ಪೇಪರನ್ನು ನಾಲ್ಕಾಗಿ ಮಡಚಿದೆ.

"ಅದು ಕೇಳಿ ಆ ದಿನ ಗಂಜಿ ಊಟ ಮಾಡಿದ್ರು. ಮರುದಿನದಿಂದ, ಕುರ್ಚಿ ಹೊರಗೆ ಹಾಕು, ಸ್ಟೋರಿನವರು ಬರ್ತಾರೆ ಅಂತ. ಸಿಕ್ಕಿದ ಮೇಲೆ ಹೇಳ್ಲಿಕ್ಕೆ ಬಾರದೆ ಇರುವ ಜನ ಅಲ್ಲ ಅವರು ಅಂತ. ಎಂಟು ದಿನ ಈ ಕುರ್ಚಿ ಹಾಕಿದೆ ಅಣ್ಣ. ನಿಮಗೆ ಹೇಳಿ ಕಳಿಸುವ ಅಂತ ಇತ್ತು. ಸುಳ್ಳು ಹೇಳಿದ್ದೆ ಅಲ್ವಾ, ಹೆದರಿಕೆ ಆಯ್ತು."

ನಾನು ಕೂತಿದ್ದದ್ದು ಆ ಕುರ್ಚಿಯಲ್ಲೇ. ಎದ್ದು ನಿಂತೆ. ನಿಂತು ಏನು ಮಾಡುವುದೆಂದು ತಿಳಿಯದೆ ಮತ್ತೆ ಅದರಲ್ಲೇ ಕೂತೆ. ಹೇಳಿ ಆಗಿದ್ದ ಮಾತನ್ನೇ ಇನ್ನೊಮ್ಮೆ, ಬಿಟ್ಟದ್ದನ್ನೂ ಸೇರಿಸಿ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಸಿಕ್ಕಿತು. ನಾನೇ ಇಟ್ಟದ್ದು, ನಾನೇ ಮರೆತದ್ದು. ಮೇಸ್ತ್ರಿ ತೆಗೆದದ್ದಲ್ಲ."

ಅಕ್ಕ ತಲೆಯಾಡಿಸಿದರು. ಅಂಗಳದಲ್ಲಿ ಕೇಳಲು ಬೇರೆ ಯಾರೂ ಇರಲಿಲ್ಲ.