ಕಟ್ಟೆಯ ಮೇಲೆ ಹೇಳಲಾಗದ ಉತ್ತರ

ಮಾಸ್ತರಿಕೆಯ ಜೊತೆಗೆ ಜಾತಿ ಸಮೀಕ್ಷೆಯೂ ನಮ್ಮ ಪಾಲಿಗೆ ಬಂದಿತ್ತು. ಬ್ಯಾಡಗಿಯ ಒಂದು ಬಾಡಿಗೆ ಮನೆಯಲ್ಲಿ ದವಾಖಾನೆಯ ನರ್ಸಬಾಯಿ ಹೆಸರು, ವಯಸ್ಸು ಎಲ್ಲ ಪಟಪಟನೆ ಹೇಳಿದಳು. ಜಾತಿ ಕೇಳಿದ್ದೇ ತಡ, ಕಟ್ಟೆಯ ಕಡೆ ನೋಡಿದಳು.

ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಮನೆಯೊಡತಿ, "ಹೇಳವಾ, ನಾವೇನ್ ಹೊರಗಿನವರೇನ?" ಅಂದರು.

"ನಾಳೆ ನಿಮ್ಮ ಸಾಲಿಗೇ ಬರ್ತೇನ್ರಿ ಸರ," ಅಂದಳು ನರ್ಸ್.

ಮರುದಿನ ಶಾಲೆಗೆ ಬಂದಳು. ಖಾಲಿ ಕ್ಲಾಸಿನಲ್ಲಿ ಕುಳಿತು, ಪರಿಶಿಷ್ಟರಲ್ಲಿ ತನ್ನ ಜಾತಿ ಯಾವುದೆಂದು ಮೆಲ್ಲಗೆ ಹೇಳಿದಳು. "ಇದು ಗೊತ್ತಾದ್ರ ಮನಿ ಬಿಡಸ್ತಾರ್ರಿ."

ಸಮೀಕ್ಷೆಯ ಮೊಬೈಲಿನಲ್ಲಿದ್ದ ಕೊನೆಯ ಪ್ರಶ್ನೆ ಓದಿದೆ: ನೀವು ವಾಸಿಸುವಲ್ಲಿ ಅಸ್ಪೃಶ್ಯತೆ ಅನುಭವಿಸಿದ್ದೀರಾ?

"ಇಲ್ಲಂತ ಹಾಕ್ರಿ ಸರ. ಅವರಿಗಿನ್ನೂ ಗೊತ್ತಿಲ್ಲಲ್ರಿ."

‘ಇಲ್ಲ’ ಒತ್ತಿದೆ. ಮೊಬೈಲು ಇಬ್ಬರಿಗೂ ಧನ್ಯವಾದ ಹೇಳಿತು.