ಕಾಲು ಮುಟ್ಟುವ ಮುಂಚಿನ ಗಳಿಗೆ

ಅವರ ಎಡಗೈ ತೋರುಬೆರಳಿನ ಮೇಲೆ ಒಂದು ಸಣ್ಣ ಕಾಲುವೆಯಿತ್ತು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಂದಿನಿಂದ ರಾಟೆಯ ಮುಂದೆ ಕೂತು, ಲಾಳಿಯೊಳಗಿಡುವ ಕಂಡಿಕೆ ಸುತ್ತಿ ಸುತ್ತಿ ರೇಷ್ಮೆ ಎಳೆ ಕೊರೆದ ಗೆರೆ. ಬಣ್ಣದ ರೇಷ್ಮೆ ಬಂದ ವಾರ ಆ ಗೆರೆಯೂ ಕೆಂಪೋ ಹಸಿರೋ ಆಗುತ್ತಿತ್ತು. ಪಕ್ಕದ ಮನೆಯ ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ನಮ್ಮ ಮನೆಯ ಮಗ್ಗಗಳಿಗೆ ಕಂಡಿಕೆ ಅವರದೇ.

ಅತ್ತೆಗೆ ಸಿನಿಮಾ ಹುಚ್ಚು. ಊರಾಚೆಯ ಟೆಂಟಿಗೆ ಹೊಸ ಚಿತ್ರ ಬಂದರೆ ಬೀದಿಯ ಹೆಂಗಸರೆಲ್ಲ ಸೇರಿ ಅವರನ್ನು ಕಳಿಸುತ್ತಿದ್ದರು. ಮಾರನೆಯ ದಿನ ಅವರು ರಾಟೆ ತಿರುಗಿಸುತ್ತಾ ಕತೆ ಹೇಳಬೇಕು. ನಾಯಕಿಗೆ ಕಷ್ಟ ಬಂದರೆ ರಾಟೆ ನಿಲ್ಲುತ್ತಿತ್ತು. ಆಗ ನಮ್ಮ ಮನೆಯೊಳಗಿನಿಂದ ಅಪ್ಪ ಕೂಗುತ್ತಿದ್ದರು: "ಆವಮ್ಮನ ಕಷ್ಟ ಸಾಕು, ಇಲ್ಲಿ ಲಾಳಿ ಖಾಲಿ ಕೂತದೆ!"

ನನಗೆ ಹದಿನಾರಾಗಿದ್ದಾಗ ಒಂದು ಚಿತ್ರಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಕತೆ ಎಂಥದ್ದು ಅಂತೀರಿ! ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ, ಹೆಂಡತಿ ಅಳುತ್ತಾಳೆ, ಪೂಜೆ ಮಾಡುತ್ತಾಳೆ, ಮತ್ತೆ ಅಳುತ್ತಾಳೆ. ಅವಳಿಗೇನು ಇಷ್ಟ, ಯಾವುದಕ್ಕೆ ಸಿಟ್ಟು, ಒಂದೂ ಗೊತ್ತಾಗುವುದಿಲ್ಲ. ಕೊನೆಗೆ ಗಂಡ ಕಾಯಿಲೆ ಬಿದ್ದು ಬಂದು ನಿಂತಾಗ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ಶುಭಂ. ಆದರೆ ಆ ನಟಿ! ಅವಳ ಮುಖ ಹತ್ತಿರ ಬಂದಾಗಲೆಲ್ಲ ಟೆಂಟಿನಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಲ್ಲುತ್ತಿತ್ತು.

ಮಾರನೆಯ ದಿನ ಅತ್ತೆ ಕತೆಯನ್ನು ಎರಡೇ ಮಾತಿನಲ್ಲಿ ಮುಗಿಸಿ ನನ್ನ ಕಡೆ ತಿರುಗಿದರು.

"ಕಾಲ್ ಮುಟ್ಟಕೆ ಮುಂಚೆ ಒಂದ್ ಗಳ್ಗೆ ನಿಂತ್ಕಂಡ್ಲು, ನೋಡ್ದಾ ಕೂಸೇ? ಕತೆ ಬರ್ದೋನು ಅವಳ್ಗೆ ಒಂದ್ ಮಾತೂ ಕೊಟ್ಟಿಲ್ಲ. ಆ ನಿಂತ್ಕಂಡದ್ದು ಮಾತ್ರ ಅವಳ್ದೇ ಸ್ವಂತದ್ದು ಕನವ್ವ. ಯಾಕ್ ನಿಂತೆ ಅಂತ ಒಬ್ಬ್ರಾದ್ರೂ ಕೇಳ್ಬೇಡ್ವಾ?"

ಆ ವರ್ಷವೇ ಯಳಂದೂರಿನಿಂದ ಗಂಡಿನ ಕಡೆಯವರು ನನ್ನ ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರಕ್ಕೆ ಬಂದರು. ನನಗೆ ಟೀಚರ್ ಟ್ರೈನಿಂಗಿಗೆ ಹೋಗುವ ಆಸೆ; ಅಪ್ಪನೆದುರು ಹೇಳುವ ಧೈರ್ಯವಿಲ್ಲ. ಹಿರಿಯರ ಕಾಲಿಗೆ ಬೀಳು ಎಂದರು. ಬಗ್ಗಲಾಗಲಿಲ್ಲ, ನಿಂತೇ ಇದ್ದೆ. ನಾಚಿಕೆ ಎಂದು ಯಾರೋ ನಕ್ಕರು. ಬಾಗಿಲ ಬಳಿಯಿದ್ದ ಅತ್ತೆ ಒಳಗೆ ಬಂದೇಬಿಟ್ಟರು.

"ತಡೀರಿ ಅಣ್ಣ. ಕೂಸು ನಿಂತ್ಕಂಡದೆ. ಯಾಕೆ ಅಂತ ಕೇಳಿ."

"ನಮ್ಮನೆ ವಿಸ್ಯಕ್ಕೆ ನೀನ್ಯಾಕವ್ವ ಬತ್ತೀಯೆ?" ಎಂದರು ಅಪ್ಪ.

"ಸರಿ, ನಾನೇ ಕೇಳ್ತೀನಿ. ಯಾಕ್ ನಿಂತೆ ಕೂಸೇ?"

"ನಾನು ಓದ್ಬೇಕು" ಎಂದೆ. ಬಾಯಿಂದ ಬಂದದ್ದು ಅಷ್ಟೇ.

ಬಂದವರು ತಾವು ತಂದಿದ್ದ ವೀಳ್ಯದ ತಟ್ಟೆ ಎತ್ತಿಕೊಂಡು ಎದ್ದರು. ಅಪ್ಪ ಅತ್ತೆಯ ಮನೆಗೆ ರೇಷ್ಮೆ ಕಳಿಸುವುದನ್ನೇ ನಿಲ್ಲಿಸಿದರು. ಆ ಮಳೆಗಾಲವೆಲ್ಲ ಅವರ ರಾಟೆ ಸುಮ್ಮನಿತ್ತು. ನಾನು ಅಳುತ್ತಾ ಹೋದರೆ, "ಟೆಂಟ್ನಲ್ಲಿ ಅತ್ತದ್ದು ಸಾಲ್ದಾ? ಓಗು, ಓದ್ಕೋ ಓಗು" ಎಂದು ಗದರಿದರು. ದೀಪಾವಳಿಯ ಹೊತ್ತಿಗೆ ಅಪ್ಪನ ಸಿಟ್ಟು ಇಳಿಯಿತು, ರೇಷ್ಮೆ ಮತ್ತೆ ಅತ್ತೆಯ ಮನೆಗೆ ಹೋಯಿತು. ಬೇರೆಯವರು ಸುತ್ತಿದ ಕಂಡಿಕೆಯ ಎಳೆ ಹರಿದು ಹರಿದು ಅವರಿಗೂ ಸಾಕಾಗಿತ್ತು. ಮುಂದೆ ನನ್ನನ್ನು ಟ್ರೈನಿಂಗಿಗೆ ಸೇರಿಸಿದವರೂ ಅಪ್ಪನೇ.

ರಾಮಾಪುರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಅತ್ತೆ ಹೋದ ಸುದ್ದಿ ಬಂತು. ಬಸ್ಸು ಹಿಡಿದು ಬಂದೆ. ಜಗಲಿಯ ಮೇಲೆ ಮಲಗಿಸಿದ್ದರು. ಬೆರಳಿನ ಗೆರೆಯಲ್ಲಿ ಹಸಿರು ಇನ್ನೂ ಉಳಿದಿತ್ತು. ನಾನು ಪಾಠ ಹೇಳುವ ಬಾಯಿ ಅವರು ಕೊಟ್ಟದ್ದು. ಕಾಲು ಮುಟ್ಟಲು ಹೋದವಳು ಹಾಗೇ ನಿಂತುಬಿಟ್ಟೆ, ಮುಟ್ಟಿದರೆ ಮುಗಿದುಹೋಗುತ್ತದಲ್ಲ.

"ಬೇಗ ಮುಟ್ಟವ್ವ, ಹೊತ್ತಾಯ್ತದೆ" ಎಂದರು ಯಾರೋ.

ಯಾಕೆ ನಿಂತೆ ಎಂದು ಕೇಳುವವರು ಒಬ್ಬರಿದ್ದರು, ಅವರು ಮಲಗಿಬಿಟ್ಟಿದ್ದರು.