ಬತ್ತಿದ ಬಾವಿಗೆ ಬಿಟ್ಟ ನೀರಿನ ಬಾಟಲಿ

ಆಗ ನನಗೆ ಅರವತ್ತೊಂಬತ್ತು. ಈಗ ಮೂರು ವರ್ಷ ಆಯಿತು. ಕಾಲೇಜಿಗೆ ರಜೆ ಅಂತ ಕಡಲ ಬದಿಯ ನಾವುಂದದ ನಮ್ಮ ಮನೆಗೆ ಬಂದ ಮಗಳ ಮಗಳು ಹಿತ್ತಲಿನ ಹಳೇ ಬಾವಿ ಕಂಡು ಕುಣಿದಳು. ಮುರಕಲ್ಲಿನ ಬಾವಿ, ತುಂಬಾ ಆಳ, ಬತ್ತಿ ಹಾಳು ಬಿದ್ದದ್ದು. ನಾನು ಅದರ ಹತ್ತಿರ ಹೋಗುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ ನನ್ನ ಮೈದುನ ಊರಿನ ಒಂದು ಬಾವಿಯ ಕೆಸರು ತೆಗೆಯಲು ಇಳಿದವನು ಕೆಟ್ಟ ಗಾಳಿಗೆ ಅಲ್ಲೇ ಸತ್ತ.

ಅವಳ ಓದು ಎಂತದು ಅಂದರೆ, ಭಾರ ಇಲ್ಲದ ಕಡೆ ನೀರು, ಗಾಳಿ ಹೇಗೆ ನಡಕೊಳ್ತದೆ ಅಂತ. ರಾಕೆಟ್ಟಿನ ಟ್ಯಾಂಕಿಯಲ್ಲಿ ಎಣ್ಣೆ ತಳದಲ್ಲಿ ನಿಲ್ಲುವುದಿಲ್ಲವಂತೆ. ಪೈಪಿಗೆ ಗಾಳಿ ಹೊಕ್ಕರೆ ಎಂಜಿನ್ ಬಂದ್. ಅದು ನನಗೂ ಗೊತ್ತು, ನಮ್ಮ ಮೀನಿನ ಬೋಟಿನ ಎಂಜಿನ್ನಿನದ್ದೂ ಹಾಗೇ.

"ಬೀಳು ಹೊತ್ತಿಗೆ ಭಾರ ಇರುದಿಲ್ಲ ಅಮ್ಮಮ್ಮ, ಅದ್ಕೇ ಬಾವಿ ಬೇಕ್" ಅಂದಳು.

ಪೆಟ್ಟಿಗೆಯೊಳಗೆ ಅರ್ಧ ನೀರಿನ ಬಾಟಲಿ, ಅದರ ಎದುರಿಗೆ ವೀಡಿಯೊ ತೆಗೆಯಲು ಫೋನ್. ಪೆಟ್ಟಿಗೆ ಮೆತ್ತಗೆ ಬೀಳಲಿ ಅಂತ ಬಾವಿಯ ತಳಕ್ಕೆ ಕಾಯಿಸಿಪ್ಪೆಯ ಚೀಲ ಎಸೆದಳು. ಪೆಟ್ಟಿಗೆಗೆ ಹಗ್ಗ ಕಟ್ಟಿ ಕೈಬಿಟ್ಟಳು. ಧಡ್ ಅಂತು. ಎಳೆದರೆ ಗಂಟು ಬಿಚ್ಚಿ ಹಗ್ಗ ಮಾತ್ರ ಬಂತು.

ಇನ್ನೊಂದು ಹಗ್ಗ ಹಲಸಿನ ಮರಕ್ಕೆ ಕಟ್ಟಿ, ತುದಿ ಸೊಂಟಕ್ಕೆ ಬಿಗಿದು ಕಟ್ಟೆ ಹತ್ತಿದಳು. ನಾನು ಓಡಿ ಹೋಗಿ ಆ ಹಗ್ಗ ಹಿಡಿದೆ.

"ಹೆಣೆ, ಇಳೂದ್ ಬ್ಯಾಡ. ಫೋನ್ ಹಾಳಾಯ್ ಹೋಯ್ಲಿ."

"ಮೇಣದಬತ್ತಿ ಇಳ್ಸಿ ಕಂಡೆ, ಆರ್ಲಿಲ್ಲ. ಒಳ್ಳೆ ಗಾಳಿಯೇ ಇತ್ತ್."

"ಮೇಣದಬತ್ತಿಗೆ ಅಪ್ಪ ಅಮ್ಮ ಇಲ್ಲೆ. ನಿನ್ನಪ್ಪಂಗೆ ನಾ ಎಂತ ಹೇಳುದ್?"

"ಹಗ್ಗ ಅಮ್ಮಮ್ಮನ ಕೈಯಗಿತ್ತ್ ಅಂದ್ ಹೇಳಿ."

ಗೋಡೆಯ ಗುಂಡಿಗಳಲ್ಲಿ ಕಾಲಿಟ್ಟು ಇಳಿದಳು. ತಲೆ ಕತ್ತಲೆಯಲ್ಲಿ ಕರಗಿತು. ನಾನು "ಹ್ವಾಯ್" ಅಂದರೆ "ಓ" ಅನ್ನುತ್ತಿದ್ದಳು. ಆಮೇಲೆ ಓ ಇಲ್ಲ. ಕೂಗಿದೆ. ಇಲ್ಲ. ಹಗ್ಗ ಸಡಿಲ. ಮೈದುನನೂ ಮೊದಮೊದಲು ಓ ಅಂದಿದ್ದ. ಇದ್ದಬದ್ದ ಬಲ ಹಾಕಿ ಎಳೆದೆ.

"ಎಳಿಬ್ಯಾಡಿ ಮಾರಾಯ್ರೇ! ವೀಡಿಯೊ ಕಾಣ್ತಿದ್ದೆ!"

ಪೆಟ್ಟಿಗೆ ಸಮೇತ ಮೇಲೆ ಬಂದವಳ ಬೆನ್ನಿಗೆ ಒಂದು ಬಿಟ್ಟೆ. ಆಮೇಲೆ ಅವಳ ಸೊಂಟದ ಹಗ್ಗ ಬಿಚ್ಚಿದೆ. ಅವಳು ಫೋನ್ ನನ್ನ ಮುಖಕ್ಕೆ ಹಿಡಿದಳು. ಬಾಟಲಿಯ ಗೋಡೆ ಹಿಡಿದು ನೀರು ಮೇಲೆ ಹತ್ತಿತ್ತು. ನಡುವೆ ಗಾಳಿ, ಮೊಟ್ಟೆಯಂತೆ ಉರುಟು, ಅಲ್ಲಾಡದೆ ನಿಂತಿತ್ತು.

"ನಾಳೆ ಇನ್ನೂ ನಾಕೈದ್ ಸಲ ಬಿಡ್ಕ್" ಅಂದಳು.

ಬೇಡ ಅಂದರೆ ಕೇಳುವ ಜಾತಿ ಅಲ್ಲ. ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಆ ಪೆಟ್ಟಿಗೆಯನ್ನು ಹಳೇ ಬಲೆಯ ತುಂಡಿನೊಳಗೆ ಹಾಕಿ, ಬಲೆಯ ಬಾಯಿ ಬಿಗಿದು, ಎರಡು ಹಗ್ಗ ಕಟ್ಟಿ, ಗಂಟು ಬಿಡುತ್ತದೋ ಅಂತ ಜೋತುಬಿದ್ದು ನೋಡಿದೆ.